ಹಗ್ಗ ಮುಟ್ಟಿದವರ ಲೆಕ್ಕ

ಕಳೆದ ತಿಂಗಳು ರಾಜಾಜಿನಗರದ ನಮ್ಮ ಮನೆ ಬಾಗಿಲಿಗೆ ಸಮೀಕ್ಷೆಯ ಹುಡುಗಿಯೊಬ್ಬಳು ಬಂದಿದ್ದಳು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸ್ಲೇಟಿನಂಥ ಯಂತ್ರ.

“ಆಂಟಿ, ಮನೇಲಿ ಎಷ್ಟು ಜನ ಇದೀರಾ?” ಅಂದಳು.

“ಇಬ್ಬರು” ಅಂದೆ. ಟಕ್ಕನೆ ಒತ್ತಿ, “ಥ್ಯಾಂಕ್ಸ್ ಆಂಟಿ” ಎಂದು ಗೇಟಿನ ಕಡೆ ತಿರುಗಿದಳು. ನನಗೆ ತಡೆಯಲಾಗಲಿಲ್ಲ. ಕರೆದು ಕೂರಿಸಿ ಮಜ್ಜಿಗೆ ಕೊಟ್ಟೆ.

“ಇಬ್ಬರು ಅಂದ ತಕ್ಷಣ ನಂಬಿಬಿಟ್ಟೆಯಲ್ಲಮ್ಮ, ಒಳಗೆ ಇನ್ನಾರಾದರೂ ಇದ್ದರೆ?”

“ನೀವೇ ತಾನೇ ಆಂಟಿ ಹೇಳಿದ್ದು?” ಅಂದಳು ಪಾಪ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಒಂದು ಮನೆಯಲ್ಲಿ ಎಷ್ಟು ಜನ ಎನ್ನುವ ಪ್ರಶ್ನೆ ಎಷ್ಟು ಕಷ್ಟದ್ದು ಎಂಬುದನ್ನು ನಾನು ಕಲಿತ ಕಥೆಯನ್ನು ಅವಳಿಗೆ ಹೇಳಬೇಕೆನ್ನಿಸಿತು. ಶುರು ಮಾಡಿದೆ. ಕಥೆಯಲ್ಲಿ ನಾನು ಮೀನುಗಾರರ ಊರೊಂದಕ್ಕೆ ಹೊರಡುವ ಬಸ್ಸು ಹತ್ತುವಷ್ಟರಲ್ಲಿ ಅವಳು ಇನ್ನೂ ಇಡೀ ಬೀದಿ ಮುಗಿಸಬೇಕು ಎಂದು ಎದ್ದುಬಿಟ್ಟಳು. ಅರ್ಧಕ್ಕೆ ನಿಂತ ಕಥೆ ಹೊಟ್ಟೆಯಲ್ಲಿ ಕೂತು ಕಾಡುತ್ತಿರುವುದರಿಂದ, ಅವಳಿಗೂ ಅವಳಂತೆ ಈ ಕೆಲಸಕ್ಕೆ ಬರುವ ಇತರರಿಗೂ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಶ್ರೇಣಿಯಲ್ಲಿ ನಿವೃತ್ತಳಾದೆ ಎಂಬುದು ನನ್ನ ಮನೆಯವರಿಗೇ ನೆನಪಿಲ್ಲ, ನಿಮಗೇಕೆ.

ಎಪ್ಪತ್ತರ ದಶಕದಲ್ಲಿ ನಾನು ಸೇರಿದ ಕಚೇರಿ ಇದ್ದದ್ದು ರಾಜಾಜಿನಗರದಲ್ಲೇ, ಒಂದು ಬಟ್ಟೆ ಅಂಗಡಿಯ ಮೇಲಿನ ಬಾಡಿಗೆ ಮಹಡಿಯಲ್ಲಿ. ರಾಜ್ಯದ ಬೇರೆ ಬೇರೆ ಕಡೆಯ ಕೆಲವು ಊರುಗಳನ್ನು ಆರಿಸಿಕೊಂಡು, ಒಂದೊಂದರ ಚರಿತ್ರೆ, ಜನಸಂಖ್ಯೆ, ಕಸುಬು, ಹಬ್ಬ ಎಲ್ಲ ಸೇರಿಸಿ ಒಂದೊಂದು ಸಣ್ಣ ಪುಸ್ತಕ ಮಾಡುವುದು ನಮ್ಮ ಕೆಲಸ. ಗಂಡಸರು ಊರೂರಿಗೆ ಹೋಗಿ ವಿವರ ತರುತ್ತಿದ್ದರು. ನಾವು ಇಬ್ಬರು ಹೆಂಗಸರು, ನಾನು ಮತ್ತು ಸುಶೀಲಾ, ಕಿಟಕಿಯ ಪಕ್ಕದ ಉದ್ದನೆಯ ಮೇಜಿಗೆ ಕೂತು ಅವರು ತಂದದ್ದನ್ನು ತಾಳೆ ನೋಡುತ್ತಿದ್ದೆವು. ಒಬ್ಬಳು ಓದುವುದು, ಇನ್ನೊಬ್ಬಳು ಬೆರಳಿಟ್ಟು ನೋಡುವುದು. ಕೂಡುವುದಕ್ಕೆ ಕೈಯಲ್ಲಿ ತಿರುಗಿಸುವ ಯಂತ್ರವೊಂದಿತ್ತು. ಅದನ್ನು ತಿರುಗಿಸಿದರೆ ರಾಗಿ ಬೀಸಿದ ಸದ್ದು ಬರುತ್ತಿತ್ತು. ಕಾರ್ಖಾನೆಗಳ ಸೈರನ್ ಕೂಗಿದಾಗ ಊಟದ ಡಬ್ಬಿ ತೆರೆಯುವುದು.

ಸುಶೀಲಾ ಕೆಂಗೇರಿಯವಳು. ಅವರ ಮನೆಯವರು ಅಲ್ಲಿ ಹೊಲಗದ್ದೆ ಮಾಡಿಕೊಂಡಿದ್ದವರು. ಅವಳಿಗೆ ಮಾತಿಗೆ ಮುಂಚೆ ನಗು. ನಾನು ದಾವಣಗೆರೆ ಕಡೆಯಿಂದ ಬಂದ ಲಿಂಗಾಯತರ ಮನೆಯ ಹುಡುಗಿ. ಅಪ್ಪಾಜಿಗೆ ಗೋವಿಂದರಾಜನಗರದಲ್ಲಿ ಕಾಳುಕಡಿಯ ಅಂಗಡಿ. ಬೆಳಿಗ್ಗೆ ಪೂಜೆ ಮುಗಿಸದೆ ನಮ್ಮ ಮನೆಯಲ್ಲಿ ಯಾರೂ ನೀರೂ ಕುಡಿಯುತ್ತಿರಲಿಲ್ಲ.

ನಮಗಿಬ್ಬರಿಗೂ ಇದ್ದದ್ದು ಒಂದೇ ಆಸೆ: ಊರುಗಳಿಗೆ ನಾವೂ ಹೋಗಬೇಕು. ಬೇರೆಯವರು ನೋಡಿ ಬಂದ ಊರುಗಳ ವಿವರಕ್ಕೆ ಬೆರಳಿಟ್ಟು ಬೆರಳಿಟ್ಟು ನಮಗೆ ಸಾಕಾಗಿಹೋಗಿತ್ತು. ನಮ್ಮ ಸೂಪರಿಂಟೆಂಡೆಂಟ್ ರಂಗಸ್ವಾಮಯ್ಯನವರನ್ನು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ.

“ನಾಳೆ ನಿಮ್ಮಪ್ಪಂದಿರು ಬಂದು ನನ್ನ ಕೊರಳಪಟ್ಟಿ ಹಿಡ್ಕೊಂಡ್ರೆ ಯಾರಮ್ಮಾ ಬಿಡಿಸೋರು?”

ಅವರು ಒಳ್ಳೆಯವರೇ. ನಮ್ಮ ಡಬ್ಬಿಯ ಚಟ್ನಿಪುಡಿಯಲ್ಲಿ ಪಾಲು ಕೇಳುವಷ್ಟು ಸಲಿಗೆ ಇತ್ತು. ಆದರೆ ಹಿಂದೆ ಯಾರೂ ಮಾಡದ ಕೆಲಸವನ್ನು ತಾವು ಮಾಡಿ ಸಿಕ್ಕಿಹಾಕಿಕೊಳ್ಳುವುದೆಂದರೆ ಅವರಿಗೆ ಜೀವ ಹೋಗುತ್ತಿತ್ತು.

ಹೀಗಿರುವಾಗ ಪಡುಮೊಗರಿನ ಪಾಳಿ ಬಂತು. ಕುಂದಾಪುರದ ಕಡೆಯ ಸಣ್ಣ ಮೀನುಗಾರರ ಊರು. ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ಮರಳಿನ ಪಟ್ಟಿ. ಅಲ್ಲಿಗೆ ಹೋದವರು ನಮ್ಮ ಹಿರಿಯ ಸಹೋದ್ಯೋಗಿ ಗುರುಸಿದ್ಧಪ್ಪ. ಗದಗದ ಕಡೆಯವರು, ವಿಜಯನಗರದಲ್ಲಿ ಬಾಡಿಗೆ ಮನೆ. ಹೋದ ಮೂರನೆಯ ದಿನ ಟ್ರಂಕ್ ಕಾಲ್ ಮಾಡಿದರು. ಆ ಕಾಲದಲ್ಲಿ ಟ್ರಂಕ್ ಕಾಲ್ ಎಂದರೆ ಇಡೀ ಕಚೇರಿ ಕೆಲಸ ಬಿಟ್ಟು ಸುತ್ತ ನಿಲ್ಲುತ್ತಿತ್ತು. ಆ ಕಡೆಯಿಂದ ಅವರು ಕೂಗುತ್ತಿದ್ದದ್ದು ನಮಗೆಲ್ಲ ಕೇಳುತ್ತಿತ್ತು.

“ಸಾರ್, ಆ ಊರು ನಕ್ಷಾದಾಗ ಐತ್ರಿ. ಅಲ್ಲಿ ಹೋಗಿ ನೋಡಿದ್ರ ಬರೇ ನೀರ ಐತ್ರಿ.”

“ದಡದಲ್ಲಿ ಯಾರನ್ನಾದ್ರೂ ಕೇಳ್ರೀ,” ಎಂದು ರಂಗಸ್ವಾಮಯ್ಯನವರೂ ಕೂಗಿದರು.

ಕೇಳಿ ಹುಡುಕಿಕೊಂಡು ಹೋದರು. ವಾರ ಬಿಟ್ಟು ಬಿಸಿಲಿಗೆ ಕಪ್ಪಾಗಿ ಮರಳಿ ಬಂದರು. ಅವರು ತಂದ ಪಟ್ಟಿ ನಮ್ಮ ಮೇಜಿಗೆ ಬಂತು. ಮನೆವಾರು ಕೂಡಿದರೆ ಆ ಊರಿನಲ್ಲಿ ಗಂಡಸರು ಹೆಂಗಸರ ಎರಡರಷ್ಟಿದ್ದರು.

“ಏನ್ರೀ ಇದು, ಊರೋ, ಪೊಲೀಸ್ ಕ್ವಾರ್ಟರ್ಸೋ?” ಎಂದರು ರಂಗಸ್ವಾಮಯ್ಯ.

ನಾನು ಓದುತ್ತಾ ಹೋದೆ, ಸುಶೀಲಾ ಬೆರಳಿಡುತ್ತಾ ಬಂದಳು. ಒಂದು ಮನೆಯಲ್ಲಿ ಮಂಜ ಎಂಬ ಹೆಸರು. ಸ್ವಲ್ಪ ಮುಂದೆ ಇನ್ನೊಂದು ಮನೆಯಲ್ಲಿ ಮತ್ತೆ ಮಂಜ, ಅದೇ ವಯಸ್ಸು. ಸೂರನೂ ಎರಡು ಸಲ, ಶೀನನೂ ಎರಡು ಸಲ.

“ಆ ಕಡೆ ಎಲ್ಲಾರ ಹೆಸರೂ ಹಂಗ ಇರ್ತಾವ ಬಿಡ್ರೀ,” ಎಂದರು ಗುರುಸಿದ್ಧಪ್ಪ. “ನಾ ಏನ್ ಸುಳ್ಳ ಬರದೇನೇನು? ಪ್ರತಿ ಮನ್ಯಾಗೂ ಕುಂತ ಕೇಳೀನಿ. ಅವರ ಹೇಳ್ಯಾರ, ನಾ ಬರದೀನಿ.”

ಅವರು ಸುಳ್ಳು ಬರೆಯುವವರಲ್ಲ, ಅದು ನಮಗೆಲ್ಲ ಗೊತ್ತಿತ್ತು. ಎರಡನೆಯ ಸಲ ಅಲ್ಲಿಗೆ ಹೋಗಲು ಮಾತ್ರ ಅವರು ಸುತಾರಾಂ ಒಪ್ಪಲಿಲ್ಲ. ಆ ಏಳು ದಿನವೂ ಬಾಳೆಹಣ್ಣು ತಿಂದು ಬದುಕಿದ್ದರಂತೆ. ರಂಗಸ್ವಾಮಯ್ಯನವರು ನಿಟ್ಟುಸಿರು ಬಿಟ್ಟು, ಪಡುಮೊಗರನ್ನು ಕೈಬಿಟ್ಟು ಬೇರೆ ಊರು ತೆಗೆದುಕೊಳ್ಳೋಣ ಎಂದರು.

ನನಗೆ ಆಗ ಎಲ್ಲಿಂದ ಧೈರ್ಯ ಬಂತೋ. ಎದ್ದು ನಿಂತು, “ಸಾರ್, ನಾನೂ ಸುಶೀಲಾನೂ ಹೋಗ್ತೀವಿ” ಅಂದೆ. ಮೀನಿನೂರಿನ ಹೆಸರು ಕೇಳಿ ಸುಶೀಲಾ ಆಗಲೇ ಎದ್ದು ನಿಂತಿದ್ದಳು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಎಷ್ಟೋ ಹೊತ್ತು ಒರೆಸಿದರು.

“ಸರಿ. ಕೈಬಿಡೋ ಊರು ತಾನೇ, ಹೋಗಿ ನೋಡಿ. ಲೆಕ್ಕ ಸರಿಯಾಗಿ ಬಂದ್ರೆ ಇನ್ಮೇಲೆ ನೀವೂ ಫೀಲ್ಡಿಗೆ. ತಪ್ಪಿದ್ರೆ ರಿಟೈರ್ ಆಗೋವರೆಗೂ ಆ ಕಿಟಕಿ ಪಕ್ಕದ ಮೇಜು. ಆಮೇಲೆ ನನ್ನ ಹತ್ರ ಬಂದು ಅಳಂಗಿಲ್ಲ.”

ಮನೆಯಲ್ಲಿ ಹೇಳಿದಾಗ ಅಪ್ಪಾಜಿ ತಕ್ಕಡಿ ಒರೆಸುತ್ತಿದ್ದವರು ಅಲ್ಲೇ ನಿಲ್ಲಿಸಿ, “ಮೀನಿನೂರಿಗಾ?” ಅಂದರು. ಆಮೇಲೆ ಒರೆಸಿದ ತಕ್ಕಡಿಯನ್ನೇ ಮತ್ತೆ ಒರೆಸತೊಡಗಿದರು. ಅವ್ವ ಮಾತ್ರ ಅಟ್ಟದಿಂದ ದೊಡ್ಡ ಡಬ್ಬಿ ಇಳಿಸಿದಳು.

“ಹೋಗಿ ಬಾರವ್ವ. ಗಂಡಸ್ರು ಹೋಗಿ ಬಾಳೆಹಣ್ಣು ತಿಂದು ಬಂದಾರಂತಲ್ಲ, ನಿನಗ ನಾ ರೊಟ್ಟಿ ಕಟ್ತೀನಿ,” ಅಂದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಆ ಡಬ್ಬಿಯ ಭಾರಕ್ಕೆ ಬಸ್ಸಿನ ಕಂಡಕ್ಟರು ಲಗೇಜು ಟಿಕೆಟ್ ಕೊಡಲು ನೋಡಿದ.

ಘಟ್ಟ ಇಳಿದು, ಎರಡು ಬಸ್ಸು ಬದಲಿಸಿ, ಹೊಳೆ ದಾಟಿಸುವ ಕಡವಿಗೆ ಬಂದೆವು. ದೋಣಿಯಲ್ಲಿ ನಮ್ಮ ಎದುರು ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ಕೂತಿದ್ದ ಹೆಂಗಸೇ ಮುತ್ತಕ್ಕ. ಪೇಟೆಯಲ್ಲಿ ಮೀನು ಮಾರಿ ಮರಳುತ್ತಿದ್ದಳು. ಗಟ್ಟಿ ಕಂಠ, ವಯಸ್ಸು ಐವತ್ತರ ಮೇಲೆ. ನಮ್ಮನ್ನು ಮೇಲಿನಿಂದ ಕೆಳಗೆ ನೋಡಿದಳು.

“ಬಾಳಿಹಣ್ಣಿನ್ ಮಾಷ್ಟ್ರ ಕಡೆಯರಾ ನೀವ್?” ಅಂದಳು.

ಹೌದು ಎಂದು ಒಪ್ಪಿಕೊಂಡೆವು. ಊರಿನ ಚರಿತ್ರೆಯನ್ನೂ ಜನರನ್ನೂ ಬರೆದುಕೊಂಡು ಪುಸ್ತಕ ಮಾಡುತ್ತೇವೆ ಎಂದು ವಿವರಿಸಿದೆ. ಅವಳು ತನ್ನ ಮನೆಯ ಜಗಲಿಯಲ್ಲೇ ನಮ್ಮನ್ನು ಇಳಿಸಿಕೊಂಡಳು. ನಾನು ಮೀನು ತಿನ್ನುವವಳಲ್ಲ ಎಂದು ತಿಳಿದಾಗ ಅಯ್ಯೋ ಎಂದು ಗಲ್ಲ ಹಿಡಿದು ನೋಡಿದಳು. ಜ್ವರ ಬಂದವರನ್ನು ನೋಡುವ ಹಾಗೆ. ಸಂಜೆಯೊಳಗೆ ಹೊಸ ಮಡಕೆ ತರಿಸಿ, ಹಿತ್ತಲಲ್ಲಿ ಬೇರೆ ಒಲೆ ಹೂಡಿ, “ಹೆಣೆ, ಇದ್ ನಿಂದ್. ಇದ್ರಲ್ಲಿ ಮೀನಿನ್ ನೀರ್ ಸಹ ಬಿದ್ದದಿಲ್ಲೆ” ಅಂದಳು. ನಮ್ಮ ಪೂಜೆಗೆ ಹೂವನ್ನೂ ಅವಳೇ ಕಿತ್ತು ತಂದಿಡುತ್ತಿದ್ದಳು. ನಾನು ರೊಟ್ಟಿ ಮುರಿಯುವ ಸದ್ದಿಗೆ ಮಕ್ಕಳು ಸುತ್ತ ಸೇರುತ್ತಿದ್ದವು. ಸುಶೀಲಾ ಮಾತ್ರ ಮೊದಲ ಊಟದಲ್ಲೇ ಆ ಮನೆಯ ಮಗಳಾಗಿಬಿಟ್ಟಳು. ಅವಳ ತಟ್ಟೆಯಲ್ಲಿ ಮುಳ್ಳಿನ ರಾಶಿ ನೋಡಿ ಮುತ್ತಕ್ಕನಿಗೆ ತೃಪ್ತಿ.

ಮರುದಿನ ಬೆಳಿಗ್ಗೆ ಮುತ್ತಕ್ಕನ ಮನೆಯಿಂದಲೇ ಶುರು ಮಾಡಿದೆವು.

“ಮನೆಯಲ್ಲಿ ಯಾರ್ಯಾರು?”

“ನಾನ್, ನನ್ ಮಗ್ಳ್, ಅವ್ಳ್ ಮಕ್ಳ್, ನನ್ ಮಗ ಮಂಜ, ನನ್ ತಮ್ಮ ಶೀನ.”

ಅಲ್ಲಿಂದ ನಾಲ್ಕು ಮನೆ ಆಚೆ ಶೇಷಿ ಎಂಬುವಳ ಮನೆ.

“ನಾನ್, ನನ್ನಮ್ಮ, ನನ್ ಗಂಡ ಮಂಜ, ಮಕ್ಳ್.”

“ಮಂಜ ಮುತ್ತಕ್ಕನ ಮನೆಯವನಲ್ಲವಾ?”

“ಅವ್ರ್ ಮನಿಯವನೇ. ನಮ್ಮನಿಯವನೂ ಹೌದ್,” ಎಂದು ಶೇಷಿ ಮಗುವಿನ ಮೂಗು ಒರೆಸಿದಳು. ಅವಳಿಗೆ ಅದರಲ್ಲಿ ಯಾವ ತೊಡಕೂ ಕಾಣಲಿಲ್ಲ.

ಗುರುಸಿದ್ಧಪ್ಪನವರು ಎಡವಿದ ಜಾಗ ಆಗ ತಿಳಿಯಿತು. ನಮ್ಮ ಕಡೆ ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ, ಅಲ್ಲಿಗೆ ಮುಗಿಯಿತು. ಈ ಊರಿನಲ್ಲಿ ಹೆಣ್ಣು ತಾಯಿಯ ಮನೆ ಬಿಟ್ಟು ಕದಲುವುದಿಲ್ಲ. ಮನೆ, ಹೆಸರು, ಹಕ್ಕು ಎಲ್ಲವೂ ತಾಯಿಯಿಂದ ಮಗಳಿಗೆ. ಗಂಡಸು ರಾತ್ರಿ ಮಲಗುವುದು ಹೆಂಡತಿಯ ಮನೆಯಲ್ಲಿ. ಬೆಳಗಿನ ಗಂಜಿಗೆ, ದೇವರ ಕೆಲಸಕ್ಕೆ, ಜಗಳಕ್ಕೆ, ದೋಣಿಯ ಹುಟ್ಟು ಇಡುವುದಕ್ಕೆ ತಾಯಿಯ ಮನೆ. ಹೀಗೆ ಒಬ್ಬೊಬ್ಬ ಗಂಡಸಿಗೂ ಎರಡು ಮನೆ, ಎರಡು ಮನೆಯವರೂ ಅವನು ನಮ್ಮವನು ಎಂದು ಎದೆ ತಟ್ಟಿ ಹೇಳುವವರೇ. ಗುರುಸಿದ್ಧಪ್ಪನವರು ಇಬ್ಬರನ್ನೂ ನಂಬಿದ್ದರು.

ಹಾಗಾದರೆ ಗಂಡಸರನ್ನೇ ಕೇಳೋಣ ಎಂದು ಸುಶೀಲಾ ಅಂದಳು. ದೋಣಿಗೆ ಎಣ್ಣೆ ಬಳಿಯುತ್ತಿದ್ದ ಮಂಜನನ್ನು ಹಿಡಿದೆವು. ಊರಲ್ಲಿ ಶಾಲೆ ಕಲಿತ ಕೆಲವರಲ್ಲಿ ಅವನೊಬ್ಬ.

“ನೀವು ಯಾವ ಮನೆಯವರು?”

ಅವನು ಆ ಮನೆಯ ಕಡೆ ನೋಡಿದ, ಈ ಮನೆಯ ಕಡೆ ನೋಡಿದ. ಎರಡೂ ಜಗಲಿಯಲ್ಲಿ ಹೆಂಗಸರು ಕಿವಿಯಾಗಿ ನಿಂತಿದ್ದರು.

“ಈಗ ಹೇಳೂಕಾತಿಲ್ಲೆ ಅಕ್ಕಾ. ನಂಗೆ ಎರಡೂ ಕಡೆ ಉಣ್ಕಲ್ದಾ,” ಎಂದು ಮತ್ತೆ ಎಣ್ಣೆ ಬಳಿಯತೊಡಗಿದ.

ಅದರ ಮೇಲೆ ಮುಂಬಯಿಯ ತೊಂದರೆ ಬೇರೆ. ಅಲ್ಲಿಗೆ ಕೆಲಸಕ್ಕೆ ಹೋದ ಮಕ್ಕಳನ್ನೂ ತಾಯಂದಿರು ಪಟ್ಟಿಗೆ ಸೇರಿಸುತ್ತಿದ್ದರು. ಎಲ್ಲಿ ಎಂದು ಕೇಳಿದರೆ, “ಈಗ ಹೊರ್ಗ್ ಹೋಗಿತ್” ಎನ್ನುವರು. ಆ ಹೊರಗು ಮೂರು ವರ್ಷದ್ದು. ಬಿಟ್ಟುಬಿಡಿ ಎಂದರೆ ಮುಖ ಚಿಕ್ಕದಾಗುತ್ತಿತ್ತು. ಬದುಕಿರುವ ಮಗನ ಹೆಸರು ಹೊಡೆದು ಹಾಕುತ್ತೀರಾ ಎಂದು ಒಬ್ಬ ತಾಯಿ ಕಣ್ಣೀರು ತೆಗೆದಳು. ನಾನು ಪೆನ್ಸಿಲ್ಲು ಕೆಳಗಿಟ್ಟುಬಿಟ್ಟೆ.

ಚರಿತ್ರೆಯ ಕಥೆಯೂ ಇದೇ ಬಗೆ. ಊರು ಯಾವಾಗ ಆಯಿತು ಎಂದು ಹಿರಿಯರನ್ನು ಸೇರಿಸಿ ಕೇಳಿದೆ. ಬಡಗಿನಿಂದ ದೋಣಿಯಲ್ಲಿ ಏಳು ಮಂದಿ ಅಕ್ಕತಂಗಿಯರು ಬಂದರಂತೆ ಎಂದು ಒಬ್ಬರು. ಬಂದವಳು ಒಬ್ಬಳೇ, ಉಳಿದವರು ಅವಳ ಮಕ್ಕಳು ಎಂದು ಇನ್ನೊಬ್ಬರು. ಹಳೆಯ ಗುಡಿ, ಬಾವಿ ಏನಾದರೂ ಇದ್ದರೆ ತೋರಿಸಿ ಎಂದೆ. ಎಲ್ಲರೂ ಒಟ್ಟಿಗೆ ಸಮುದ್ರದ ಕಡೆ ಕೈ ತೋರಿಸಿದರು.

“ಅಲ್ಲ್ ಕಾಣಿ. ಆ ಅಲಿ ಒಡೀತಿತ್ತಲ, ಅಲ್ಲೇ ನಮ್ಮಜ್ಜಿ ಮನಿ,” ಎಂದ ಶೀನ. ಅವನು ಮುತ್ತಕ್ಕನ ತಮ್ಮ, ಊರಿನ ದೊಡ್ಡ ಬಲೆಗೆ ಯಜಮಾನ. ಹೊಳೆ ಬಾಯಿ ಬದಲಿಸಿದಾಗಲೆಲ್ಲ, ಕಡಲು ಕೊರೆದಾಗಲೆಲ್ಲ ಊರು ಸರಿದು ಸರಿದು ಈಗಿರುವಲ್ಲಿ ಕೂತಿದೆ. ಗುರುಸಿದ್ಧಪ್ಪನವರು ನಕ್ಷೆ ಹಿಡಿದು ನೀರಿನ ಮುಂದೆ ನಿಂತದ್ದು ಸರಿಯಾದ ಜಾಗದಲ್ಲೇ, ಅವರು ಹೋದದ್ದು ತಡವಾಗಿತ್ತು ಅಷ್ಟೇ. ಚರಿತ್ರೆಯೇನೋ ಬರೆದುಕೊಂಡೆ. ಜನಸಂಖ್ಯೆ ಮಾತ್ರ ಬಗೆಹರಿಯಲಿಲ್ಲ. ಹೊರಡುವ ದಿನ ಹತ್ತಿರವಾಯಿತು. ಕಿಟಕಿ ಪಕ್ಕದ ಮೇಜು ಕಣ್ಣ ಮುಂದೆ ಬರುತ್ತಿತ್ತು. ನಿಜ ಹೇಳುತ್ತೇನೆ, ಆ ರಾತ್ರಿ ಚಟ್ನಿಪುಡಿಯೂ ರುಚಿಸಲಿಲ್ಲ.

ನಮ್ಮ ಅದೃಷ್ಟಕ್ಕೆ ಮಳೆಗಾಲ ಕಳೆದು ಆ ವರ್ಷದ ಮೊದಲ ರಂಪಣಿ ಹಾಕುವ ದಿನ ಮಾರನೆಯ ಬೆಳಗಾಗಿತ್ತು. ರಂಪಣಿ ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಇಡೀ ಊರಿಗೆ ಸೇರಿದ ಭಾರಿ ಬಲೆ. ದೋಣಿಯಲ್ಲಿ ಅದನ್ನು ಒಯ್ದು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಾರೆ. ಎರಡು ತುದಿಯ ಹಗ್ಗಗಳು ದಡಕ್ಕೆ ಬರುತ್ತವೆ. ಒಂದೊಂದು ಹಗ್ಗಕ್ಕೂ ಜನ ಸಾಲಾಗಿ ನಿಂತು ಎಳೆದು ಎಳೆದು ಬಲೆಯನ್ನು ಮರಳಿಗೆ ತರಬೇಕು. ಕೆಲವೇ ವರ್ಷಗಳಲ್ಲಿ ಯಂತ್ರದ ದೋಣಿಗಳು ಬಂದು ರಂಪಣಿ ನಿಂತೇ ಹೋಯಿತು. ಅದನ್ನು ಕಣ್ಣಾರೆ ಕಂಡದ್ದು ನನ್ನ ಪುಣ್ಯ.

ಬೇರೆ ದಿನಗಳಲ್ಲಿ ಎಳೆಯುವುದು ಗಂಡಸರು. ಮೊದಲ ಬಲೆಗೆ ಮಾತ್ರ ಆ ಊರಿನ ಪದ್ಧತಿ ಬೇರೆ. ಆ ದಿನ ಊರಲ್ಲಿರುವ ಪ್ರತಿ ಜೀವವೂ ಹಗ್ಗ ಮುಟ್ಟಬೇಕು. ಕೂಸುಗಳನ್ನು ಎತ್ತಿ ತಂದು ಅಂಗೈ ತಾಗಿಸಿದರು. ಹಾಸಿಗೆ ಹಿಡಿದಿದ್ದ ಒಬ್ಬ ಮುದುಕರಿಗೆ ಒದ್ದೆ ಹಗ್ಗದ ತುಂಡನ್ನೇ ಮನೆಗೆ ಒಯ್ದು ಮುಟ್ಟಿಸಿ ಬಂದರು. ಮೀನು ಬಂದ ಮೇಲೆ ಹಗ್ಗ ಮುಟ್ಟಿದ ಪ್ರತಿಯೊಬ್ಬರಿಗೂ ಮರಳ ಮೇಲೆ ಒಂದು ಪಾಲು.

ನಾವು ದೂರದಲ್ಲಿ ನಿಂತು ನೋಡುತ್ತಿದ್ದೆವು. ಮುತ್ತಕ್ಕ ಸೆರಗು ಬಿಗಿದು ಬಂದು ನನ್ನ ರಟ್ಟೆ ಹಿಡಿದಳು.

“ಎಂತ ಕಾಂತಾ ನಿಂತಿದ್ರಿ? ಬನ್ನಿ, ಎಳೀಕ್.”

“ನಾವು ಈ ಊರಿನವರಲ್ಲವಲ್ಲ ಮುತ್ತಕ್ಕ.”

“ಇವತ್ತ್ ಇಲ್ಲ್ ಉಂಡೀರಲ್ದಾ? ಹಂಗಾರ್ ಹಿಡೀನಿ.”

ಹಿಡಿದೆವು. ನಾನು ಉತ್ತರದ ಹಗ್ಗಕ್ಕೆ, ಸುಶೀಲಾ ದಕ್ಷಿಣದ್ದಕ್ಕೆ. ಸೀರೆ ಮೊಣಕಾಲಿನ ತನಕ ಒದ್ದೆ, ಅಂಗೈ ಉರಿ, ಹಿಂದೆ ಮುಂದೆ ಜನರ ಕೂಗು. ಹುಟ್ಟಿದಾಗಿನಿಂದ ಸೇರು ಪಾವಿನ ಲೆಕ್ಕದಲ್ಲಿ ಬೆಳೆದವಳು ನಾನು, ಅಷ್ಟು ದೊಡ್ಡ ಭಾರವನ್ನು ಅಷ್ಟು ಜನರ ಜೊತೆ ಎಳೆದವಳೇ ಅಲ್ಲ. ಕಾರಣವಿಲ್ಲದೆ ನಗು ಬರುತ್ತಿತ್ತು. ಬಲೆ ದಡಕ್ಕೆ ಬಂದಾಗ ಬೆಳ್ಳಗೆ ಪಟಪಟ ಒದ್ದಾಡುವ ಬಂಗುಡೆ ರಾಶಿ. ವಾಸನೆಗೆ ಮೂಗು ಮುಚ್ಚಿಕೊಳ್ಳುವುದನ್ನೇ ಮರೆತಿದ್ದೆ.

ಶೀನ ಪಾಲು ಹಾಕಲು ನಿಂತ. ಮನೆಯ ಹೆಸರು ಹಿಡಿಯಲಿಲ್ಲ, ಜನರ ಹೆಸರು ಹಿಡಿದು ಕರೆದ. ಒಂದೊಂದು ಹೆಸರಿಗೆ ಒಂದೊಂದು ಗುಪ್ಪೆ, ಹೆಂಗಸರದು ಒಂದು ಸಾಲು, ಗಂಡಸರದು ಇನ್ನೊಂದು. “ಮಂಜ” ಎಂದು ಕರೆದಾಗ ಒಂದು ಗುಪ್ಪೆ ಬಿತ್ತು. ಆ ಕಡೆಯಿಂದ ಶೇಷಿಯೂ ಈ ಕಡೆಯಿಂದ ಮುತ್ತಕ್ಕನ ಮಗಳೂ ಬುಟ್ಟಿ ಹಿಡಿದು ಬಂದರು. ನಾನು ಸುಶೀಲಾಳ ಕೈ ಹಿಸುಕಿದೆ.

“ಎರಡು ಮನೆ ಆದ್ರೂ ಗುಪ್ಪೆ ಒಂದೇ ಕಣೇ.”

ಅವಳಿಗೂ ಆಗಲೇ ಹೊಳೆದಿತ್ತು. ಉತ್ತರದ ಹಗ್ಗದಲ್ಲಿ ನಿಂತವನು ದಕ್ಷಿಣದ ಹಗ್ಗದಲ್ಲಿ ಇರಲಾರ. ಮುಂಬಯಿಯಲ್ಲಿರುವವನು ಎರಡರಲ್ಲೂ ಇರಲಾರ. ಇಡೀ ಊರು ಒಬ್ಬೊಬ್ಬರಾಗಿ ನಮ್ಮ ಕಣ್ಣ ಮುಂದೆ ಮರಳ ಮೇಲೆ ಬಿದ್ದಿತ್ತು. ಗುಪ್ಪೆ ಎತ್ತುವುದಕ್ಕೆ ಮೊದಲು ಎಣಿಸಿಬಿಡಬೇಕೆಂದು ಇಬ್ಬರೂ ಓಡಿದೆವು. ಹೆಂಗಸರ ಸಾಲು ನಾನು, ಗಂಡಸರ ಸಾಲು ಅವಳು. ಆಮೇಲೆ ಮೂರು ದಿನ ಕೂತು ಹೆಸರುಗಳನ್ನು ಮನೆಗಳಿಗೆ ಹಂಚಿದೆವು, ರಾತ್ರಿ ಮಲಗುವ ಮನೆಯೇ ಮನೆ ಎಂಬ ನಮ್ಮ ಕಚೇರಿಯ ನಿಯಮದಂತೆ. ತಾಯಿಯ ಮನೆಯ ವಿಷಯವನ್ನು ಬೇರೆ ಅಧ್ಯಾಯದಲ್ಲಿ ವಿವರವಾಗಿ ಬರೆದೆ. ಮುಂಬಯಿಯ ಮಕ್ಕಳಿಗೂ ಅಲ್ಲಿ ಜಾಗ ಕೊಟ್ಟೆ, ಕಣ್ಣೀರು ತೆಗೆದಿದ್ದ ತಾಯಿಗೆ ಅದನ್ನು ಓದಿ ಹೇಳಿದೆ.

ಬೆಂಗಳೂರಿಗೆ ಬಂದು ಇಳಿದಾಗ ರಾಜಾಜಿನಗರದ ಬಸ್ಸಿನಲ್ಲಿ ನಮ್ಮ ಅಕ್ಕಪಕ್ಕದ ಸೀಟುಗಳು ಖಾಲಿಯಾಗಿಯೇ ಉಳಿದವು. ಸುಶೀಲಾಳ ಚೀಲದಲ್ಲಿ ಮುತ್ತಕ್ಕ ಕಟ್ಟಿಕೊಟ್ಟ ಒಣಮೀನಿತ್ತು.

ರಂಗಸ್ವಾಮಯ್ಯನವರು ವರದಿ ಓದಿದರು. ಗಂಡಸರೂ ಹೆಂಗಸರೂ ಸರಿಸುಮಾರು ಸಮನಾಗಿದ್ದದ್ದು ನೋಡಿ ಮುಖ ಅರಳಿತು. ಗುರುಸಿದ್ಧಪ್ಪನವರೂ ಓದಿ, “ಒಬ್ಬ ಗಂಡಸಿಗೆ ಎರಡ ಮನಿ. ಪುಣ್ಯವಂತರು ಬಿಡ್ರೀ” ಎಂದು ತಲೆ ಆಡಿಸಿದರು. ನಾವು ಗೆದ್ದೆವು ಎಂದುಕೊಂಡು ಸುಶೀಲಾ ಎಲ್ಲರಿಗೂ ಕಾಫಿ ತರಿಸಿದಳು. ಕಾಫಿ ಇನ್ನೂ ಬಿಸಿ ಇತ್ತು, ಅವರ ಕೋಣೆಯಿಂದ ಕರೆ ಬಂತು.

“ಗಿರಿಜಾ ಅವರೇ, ಮರಳಲ್ಲಿ ಎಣಿಸಿದ್ದಕ್ಕೂ ಮನೆ ಪಟ್ಟಿಗೂ ತಾಳೆ ಬೀಳ್ತಿಲ್ವಲ್ಲ. ಒಬ್ಬ ಹೆಂಗಸು ಜಾಸ್ತಿ. ಯಾರಮ್ಮಾ ಈಕೆ? ಮನೆ ಇಲ್ಲ, ಗಂಡ ಇಲ್ಲ, ಪಾಲು ಮಾತ್ರ ಇದೆ.”

ಹೆಂಗಸರ ಸಾಲು ಎಣಿಸಿದವಳು ನಾನೇ. ಒಂದು ಹೆಚ್ಚಾದರೆ ಉಳಿದದ್ದನ್ನು ಯಾರು ನಂಬುತ್ತಾರೆ? ಮೇಜಿಗೆ ಮರಳಿ ಇಬ್ಬರೂ ಹೆಸರು ಹೆಸರಾಗಿ ನೋಡಿದೆವು. ಎರಡು ಸಲ ನೋಡಿದೆವು. ಎಲ್ಲರಿಗೂ ಮನೆ ಇತ್ತು.

“ನಮ್ಮಿಬ್ಬರಿಗೂ ಪಾಲು ಹಾಕಿದ್ರಲ್ವಾ,” ಎಂದಳು ಸುಶೀಲಾ ಇದ್ದಕ್ಕಿದ್ದಂತೆ. “ಆದ್ರೆ ನಂದು ನೀನು ಎಣಿಸೋಕೆ ಬರೋ ಮುಂಚೆನೇ ನನ್ನ ಸೆರಗಿಗೆ ಹೋಗಿತ್ತು. ಸಂಜೆ ಹುರಿದು ತಿಂದೆ, ಏನ್ ರುಚಿ ಅಂತೀಯಾ.” ಅಷ್ಟು ಹೇಳಿ ನನ್ನ ಮುಖ ನೋಡಿದಳು. “ನಿಂದು?”

ನನ್ನ ಗುಪ್ಪೆಯನ್ನು ನಾನು ಮುಟ್ಟಿರಲಿಲ್ಲ. ಮೀನು ಮುಟ್ಟುವವಳೇ ಅಲ್ಲ ನಾನು. ನಾವು ಎಣಿಸಿ ಮುಗಿಸಿದ ಮೇಲೆ ಮುತ್ತಕ್ಕ ಬಂದು ಅದನ್ನು ಬಾಚಿ ಶೇಷಿಯ ಬುಟ್ಟಿಗೆ ಹಾಕಿದ್ದು ನೆನಪಾಯಿತು. ಅದುವರೆಗೆ ಅದು ಮರಳ ಮೇಲೆ ಸಾಲಿನಲ್ಲೇ ಇತ್ತು. ನಾನೇ ಬೆರಳು ಮಾಡಿ ಎಣಿಸಿದ್ದೆ.

ಕೋಣೆಗೆ ಹೋಗಿ ನಿಂತೆ.

“ಸಾರ್, ಆ ಹೆಂಗಸು ನಾನೇ.”

ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದರು, ಒರೆಸಿಕೊಂಡರು. ಹೆಗಲು ಕುಲುಕುತ್ತಿದ್ದದ್ದು ನೋಡಿ ನನಗೆ ಭಯವಾಯಿತು. ಆಮೇಲೆ ಗೊತ್ತಾಯಿತು, ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಹೊಡೆದು ಹಾಕಿ ಆಕೆನ,” ಎಂದರು ಕೊನೆಗೆ. “ಮುಂದಿನ ಊರಿಗೆ ಹೋದಾಗ ಹಗ್ಗ ಗಿಗ್ಗ ಹಿಡ್ಕೊಂಡು ನಿಂತ್ಕೋಬೇಡಿ.”

ಬಾಗಿಲ ತನಕ ಬಂದ ಮೇಲೆ ನನಗೆ ಮುಂದಿನ ಊರು ಎಂಬ ಮಾತು ಕಿವಿಗೆ ಬಿತ್ತು. ತಿರುಗಿ ನೋಡಿದೆ. ಅವರು ಆಗಲೇ ಬೇರೆ ಕಾಗದ ನೋಡುತ್ತಿದ್ದರು. ಆಚೆ ಕೋಣೆಯಲ್ಲಿ ಸುಶೀಲಾ ಗುರುಸಿದ್ಧಪ್ಪನವರ ಪಾಲಿನ ಕಾಫಿಯನ್ನೂ ಕುಡಿದು ಮುಗಿಸಿದ್ದಳು.

ಆಮೇಲೆ ಎಷ್ಟೋ ಊರು ತಿರುಗಿದೆ, ಎಷ್ಟೋ ಬಾಗಿಲು ತಟ್ಟಿದೆ. ಅವುಗಳ ವಿಷಯ ಬಿಡಿ. ಪಡುಮೊಗರಿನ ಪುಸ್ತಕ ಅಚ್ಚಾಗಿ ಬಂದಾಗ ನಾವಿಬ್ಬರೂ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಒಂದು ಪ್ರತಿ ಒಯ್ದೆವು. ಈ ಸಲ ಅಪ್ಪಾಜಿಯೇ ಬಸ್ ಸ್ಟ್ಯಾಂಡಿಗೆ ಬಂದು ರೊಟ್ಟಿಯ ಡಬ್ಬಿ ಹತ್ತಿಸಿದರು.

ಮುತ್ತಕ್ಕನ ಜಗಲಿಯಲ್ಲಿ ಊರೇ ಸೇರಿತು. ಮಂಜ ಗಟ್ಟಿಯಾಗಿ ಓದಿದ. ಏಳು ಮಂದಿ ಅಕ್ಕತಂಗಿಯರ ಕಥೆ ಬಂದಾಗ ಒಂದು ಕಡೆಯವರು ಭೇಷ್ ಎಂದರು, ಒಬ್ಬಳೇ ಬಂದಳೆಂಬ ಕಥೆ ಬಂದಾಗ ಇನ್ನೊಂದು ಕಡೆಯವರು. ಕಡಲಿನೊಳಗಿನ ಹಳೆಯ ಊರಿನ ಮಾತಿಗೆ ಎಲ್ಲರೂ ಒಟ್ಟಿಗೆ ಸಮುದ್ರದ ಕಡೆ ತಿರುಗಿದರು. ಆಮೇಲೆ ಜನಸಂಖ್ಯೆ ಬಂತು. ಮಂಜ ಸಂಖ್ಯೆ ಓದಿದ. ಬೆರಳು ಮಡಚುತ್ತಾ ಕೂತಿದ್ದ ಮುತ್ತಕ್ಕ ತಲೆ ಅಲ್ಲಾಡಿಸಿದಳು.

“ಒಂದ್ ಕಮ್ಮಿ ಇತ್ತ್.”

ಅಚ್ಚಾಗಿರುವ ಪುಸ್ತಕ. ಸುಶೀಲಾ ನನ್ನ ಮುಖ ನೋಡಿದಳು.

“ಯಾರು ಬಿಟ್ಟುಹೋದರು ಮುತ್ತಕ್ಕ?”

“ನೀನ್,” ಎಂದಳು ಅವಳು. “ಆವತ್ತ್ ಪಾಲ್ ಹಾಕಿದ್ದಲ್ದಾ? ಈ ವರ್ಷದ್ ಮೊದಲ್ ಬಲೆಗೂ ಹಾಕಿತ್, ಶೇಷಿಗ್ ಕೊಟ್ಟಿತ್. ನಿನ್ನ್ ಎಂತಕ್ ಬರೀಲಿಲ್ಲೆ?”

“ನನ್ನದೂ ಸೇರಿದ್ರೆ ಎರಡು ಕಮ್ಮಿ ಅಲ್ವಾ ಮುತ್ತಕ್ಕ?” ಎಂದಳು ಸುಶೀಲಾ.

“ನಿಂದ್ ನೀನ್ ಅಲ್ಲೇ ತಿಂದ್ ಮುಗ್ಸಿದ್ದಿ. ಇವ್ಳದ್ದ್ ಇನ್ನೂ ಇತ್ತ್.”

ಜನ ನಗುತ್ತಿದ್ದರು. ನನಗೆ ಕಣ್ಣು ತುಂಬಿ ಬಂದು ಯಾರ ಮುಖವೂ ಸರಿಯಾಗಿ ಕಾಣಲಿಲ್ಲ. ರಾತ್ರಿ ಮಲಗುವ ಮನೆಯೇ ಮನೆ ಎಂಬ ನಿಯಮವನ್ನು ಅವಳಿಗೆ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಮುತ್ತಕ್ಕ ನನ್ನ ಸಣ್ಣ ಕೈಚೀಲದಿಂದ ಪೆನ್ನು ಎಳೆದು ಮಗನ ಕೈಗೆ ಕೊಟ್ಟಳು. ಮಂಜ ಅಚ್ಚಾದ ಸಂಖ್ಯೆಯನ್ನು ಹೊಡೆದು, ಅದರ ಮೇಲೆ ಒಂದು ಹೆಚ್ಚು ಮಾಡಿ ಬರೆದ.

ಆ ಪುಸ್ತಕದ ಸರಿಯಾದ ಪ್ರತಿ ಅದೊಂದೇ. ನಮ್ಮ ಕಚೇರಿಯಲ್ಲಿರುವವೆಲ್ಲ ಇವತ್ತಿಗೂ ಒಂದು ಕಡಿಮೆ.